ಬಿಡಿಸಿದ ಮೇಲೂ ಉಳಿಯುವ ಒಗಟು

ಒಗಟು ಹಾಕುವವನಿಗೆ ಉತ್ತರ ಗೊತ್ತಿರಬೇಕೆಂಬುದು ನಮ್ಮ ಅಜ್ಜಿಯರ ಕಾಲದಿಂದ ನಡೆದುಬಂದ ಕಟ್ಟಳೆ. ಕೇಳಿದವರು ಸೋತೆವೆಂದು ಒಪ್ಪಿಕೊಂಡ ಮೇಲೆ ಹಾಕಿದವನೇ ಉತ್ತರವನ್ನು ಹೇಳತಕ್ಕದ್ದು. ಹೇಳದಿದ್ದರೆ ಅದು ಒಗಟಲ್ಲ, ತಂಟೆ. ಕಂಪ್ಯೂಟರಿನಲ್ಲಿ ಆಡುವ ಒಗಟಿನ ಸಾಹಸದ ಆಟಗಳಲ್ಲಿ ಮಾತ್ರ ಈ ಕಟ್ಟಳೆ ಮುರಿದುಬಿದ್ದಿದೆ. ಬೀಗಗಳನ್ನೆಲ್ಲ ತೆರೆದು ಕಥೆಯ ಕೊನೆಗೆ ಬಂದ ಆಟಗಾರನ ಕೈಯಲ್ಲಿ ಕೆಲವು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಉಪಾಧ್ಯಾಯರಾದ ನಮಗೆ ಇದರಲ್ಲಿ ಆಸಕ್ತಿ ಹುಟ್ಟಿದುದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ. ರಜೆಯಲ್ಲಿ ಊರಿಗೆ ಬಂದಿದ್ದ ಅವನು ನಮ್ಮನ್ನು ಯಂತ್ರದ ಮುಂದೆ ಕೂರಿಸಿ, "ಇದನ್ನು ಬಿಡಿಸಿ ನೋಡಿ ಸಾರ್" ಎಂದನು. ಬಿಡಿಸಿದವನು ಅವನೇ, ನಾವು ಕನ್ನಡಕ ಒರೆಸಿಕೊಂಡು ನೋಡಿದೆವು, ಅಷ್ಟೇ.

ಆ ಆಟದ ಹೆಸರು 'ಮಿಸ್ಟ್'. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಯಾನ್ ಎಂಬ ಸಂಸ್ಥೆಯ ರ್‍ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು ರಚಿಸಿದ ಇದು 1993ರಲ್ಲಿ ಹೊರಬಂತು. 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. 2002ರವರೆಗೂ ಕಂಪ್ಯೂಟರ್ ಆಟಗಳಲ್ಲಿ ಮಾರಾಟಕ್ಕೆ ಇದೇ ಮೊದಲನೆಯದು. ಇದರಲ್ಲಿ ಶತ್ರುವಿಲ್ಲ, ಆಯುಧವಿಲ್ಲ, ಏನು ಮಾಡಬೇಕೆಂದು ಹೇಳುವವರೂ ಇಲ್ಲ. ನಿರ್ಜನವಾದ ಒಂದು ದ್ವೀಪ, ಅಲ್ಲೊಂದು ಗ್ರಂಥಾಲಯ, ಅದರಲ್ಲಿ ಒಂದು ಕೆಂಪು ಪುಸ್ತಕ, ಒಂದು ನೀಲಿ ಪುಸ್ತಕ. ಒಂದೊಂದರೊಳಗೂ ಒಬ್ಬೊಬ್ಬ ಅಣ್ಣತಮ್ಮ ಸೆರೆಸಿಕ್ಕಿದ್ದಾನೆ. ಸಿರಸ್ ಅಕೆನಾರನನ್ನು ದೂರುತ್ತಾನೆ, ಅಕೆನಾರ್ ಸಿರಸನನ್ನು ದೂರುತ್ತಾನೆ. ಕಳೆದುಹೋದ ಹಾಳೆಗಳನ್ನು ತಂದುಕೊಟ್ಟು ತನ್ನನ್ನು ಬಿಡಿಸೆಂದು ಇಬ್ಬರೂ ಬೇಡುತ್ತಾರೆ. ನಂಬಿ ಕೊನೆಯ ಹಾಳೆಯನ್ನು ಕೊಟ್ಟವನು ತಾನೇ ಸೆರೆಯಾಗುತ್ತಾನೆ. ನಂಬದವನಿಗೆ ಅವರ ತಂದೆ ಆಟ್ರಸ್ ಸಿಕ್ಕುತ್ತಾನೆ. ಆಟಗಾರ ಮತ್ತೆ ಗ್ರಂಥಾಲಯಕ್ಕೆ ಬಂದು ನೋಡಿದರೆ ಆ ಎರಡು ಪುಸ್ತಕಗಳೂ ಇಲ್ಲ, ಇದ್ದ ಜಾಗದಲ್ಲಿ ಸುಟ್ಟ ಕಲೆ ಮಾತ್ರ ಇದೆ.

ಅಲ್ಲಿಗೆ ಆಟ ಮುಗಿಯಿತೆಂದು ಪರದೆ ಬೀಳುವುದೂ ಇಲ್ಲ. ಆಟಗಾರ ಬೇಕಾದಷ್ಟು ಹೊತ್ತು ಆ ದ್ವೀಪದಲ್ಲಿ ತಿರುಗಾಡಬಹುದು. ತಂದೆಯೇ ಮಕ್ಕಳನ್ನು ಸುಟ್ಟನೆ? ಪುಸ್ತಕ ಸುಟ್ಟರೆ ಒಳಗಿದ್ದವನು ಸತ್ತಂತೆಯೆ? 1993ರಲ್ಲಿ ಕೇಳಿದ ಈ ಪ್ರಶ್ನೆಗೆ ಉತ್ತರ ದೊರೆತುದು 11 ವರ್ಷಗಳ ಮೇಲೆ. 2004ರಲ್ಲಿ ಬಂದ ನಾಲ್ಕನೆಯ ಆಟದಲ್ಲಿ ಅಣ್ಣತಮ್ಮಂದಿರು ಸತ್ತಿರಲಿಲ್ಲವೆಂದೂ, ಬೇರೆಬೇರೆ ಎರಡು ಲೋಕಗಳಲ್ಲಿ ಬಂದಿಗಳಾಗಿದ್ದರೆಂದೂ ತಿಳಿಸಲಾಯಿತು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಸುಟ್ಟ ಕಲೆಯೇ ಹೆಚ್ಚು ಮಾತನಾಡುತ್ತಿತ್ತು.

ಇದರ ಮುಂದಿನ ಕಥೆ 1997ರ 'ರಿವೆನ್'. ಅಲ್ಲಿ ಆಟ್ರಸನ ತಂದೆ ಗೆಹ್ನ್ ಎಂಬವನು ಒಂದು ಲೋಕವನ್ನು ಆಳುತ್ತ, ಅಲ್ಲಿಯ ಜನಕ್ಕೆ ತಾನೇ ದೇವರೆಂದು ಕಲಿಸುತ್ತಿದ್ದಾನೆ. ಕಲಿಸುವುದೆಲ್ಲಿ? ಶಾಲೆಯಲ್ಲಿ! ಈ ಭಾಗವನ್ನು ನಾವು ಎರಡು ಸಲ ಹಾಕಿಸಿಕೊಂಡು ನೋಡಿದೆವು. ಒಂದೇ ಕೊಠಡಿಯ ಶಾಲೆ, ಒಳಗೆ ಒಂದು ಆಟಿಕೆ. ತಿರುಗಿಸಿದರೆ ಒಂದು ಗುರುತು ಮೂಡುತ್ತದೆ. ನೇತುಹಾಕಿದ ಪುಟ್ಟ ಮನುಷ್ಯನ ಬೊಂಬೆ ಅಷ್ಟೇ ಮೆಟ್ಟಿಲು ಕೆಳಗಿಳಿದು, ಬಾಯ್ದೆರೆದ ಕಡಲ ಮೃಗದ ಹತ್ತಿರ ಬರುತ್ತದೆ. ಇಳಿದ ಮೆಟ್ಟಿಲುಗಳನ್ನು ಎಣಿಸಿದರೆ ಆ ಗುರುತು ಯಾವ ಸಂಖ್ಯೆಯೆಂದು ತಿಳಿಯುತ್ತದೆ. ಆಟಿಕೆ ತೋರಿಸುವುದು 10ರವರೆಗೆ ಮಾತ್ರ. ಉಳಿದುದನ್ನು ಆಟಗಾರ ನಿಯಮ ಹಿಡಿದು ಊಹಿಸಬೇಕು. 1ರ ಗುರುತನ್ನು ಅಡ್ಡ ತಿರುಗಿಸಿದರೆ 5, 2ರದನ್ನು ತಿರುಗಿಸಿದರೆ 10. 5ರ ಮೇಲೆ 2ನ್ನು ಹೊಂದಿಸಿದರೆ 7. ಹಾಗಾದರೆ 15 ಹೇಗೆ, 12 ಹೇಗೆ ಎಂಬುದನ್ನು ಎಂಟನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು. ನಮ್ಮಲ್ಲಿ ಹತ್ತಾದ ಮೇಲೆ ಸ್ಥಾನ ಬದಲಾದರೆ ಅವರಲ್ಲಿ ಇಪ್ಪತ್ತೈದಾದ ಮೇಲೆ ಬದಲಾಗುತ್ತದೆ. ಆದ್ದರಿಂದ ನಮ್ಮ 37 ಅವರಿಗೆ ಒಂದು ಇಪ್ಪತ್ತೈದು ಮತ್ತು ಹನ್ನೆರಡು. ಬಸ್ಸಿನ ಫಲಕವನ್ನು ಒಂದು ಲಿಪಿಯಲ್ಲಿಯೂ ಪಾಠವನ್ನು ಇನ್ನೊಂದರಲ್ಲಿಯೂ ಓದುವ ನಮ್ಮ ಗಡಿಯ ಮಕ್ಕಳಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಆದರೆ ಎಣಿಕೆಯನ್ನು ಹೆದರಿಕೆಯೊಡನೆ ಕಲಿಸುವ ಆ ಬೊಂಬೆ! ಲೆಕ್ಕ ತಪ್ಪಿದ ಮಕ್ಕಳ ಎದುರಿಗೆ ನಾವು ಹಿಡಿದ ಬೆತ್ತವೂ ನೆನಪಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಆ ಶಾಲೆಯಲ್ಲಿ ಮಕ್ಕಳಿಲ್ಲ. ಊರಿನವರು ಅಪರಿಚಿತನನ್ನು ಕಂಡೊಡನೆ ಬಾಗಿಲಿಕ್ಕಿಕೊಳ್ಳುತ್ತಾರೆ. ಒಂದು ಹುಡುಗಿ ಕಾಡುದಾರಿಯಲ್ಲಿ ಕಂಡಂತೆ ಮಾಡಿ ಓಡಿಹೋಗುತ್ತಾಳೆ. ಅವಳು ಆ ಕೊಠಡಿಯಲ್ಲಿ ಏನು ಕಲಿತಳು, ಏನನ್ನು ನಂಬಿದಳು ಎಂಬುದನ್ನು ಆಟ ಹೇಳುವುದೇ ಇಲ್ಲ.

ಈ ಕಥೆಗಳಲ್ಲೆಲ್ಲ ದೊಡ್ಡ ಪ್ರಶ್ನೆ ಬರವಣಿಗೆಯದು. ಅಲ್ಲಿ ಒಂದು ಲೋಕವನ್ನು ಪುಸ್ತಕದಲ್ಲಿ ವರ್ಣಿಸಿ ಬರೆದರೆ ಆ ಲೋಕಕ್ಕೆ ಹೋಗಬಹುದು. ಬರೆದವನು ಲೋಕವನ್ನು ಸೃಷ್ಟಿಸಿದನೋ, ಮೊದಲೇ ಇದ್ದ ಲೋಕಕ್ಕೆ ದಾರಿ ತೆರೆದನೋ? ಸೃಷ್ಟಿಸಿದೆನೆಂಬುದು ಗೆಹ್ನನ ಪಕ್ಷ. ಆದುದರಿಂದಲೇ ಅವನಿಗೆ ದೇವರ ಪಟ್ಟ ಬೇಕಾಯಿತು. ದಾರಿ ಮಾತ್ರವೆಂಬುದು ಮಗ ಆಟ್ರಸನ ಪಕ್ಷ. ಕಥೆಯ ಒಲವೂ ಮಗನ ಕಡೆಗೇ ಇದೆ. ಆದರೆ ರಿವೆನ್ ಲೋಕ ಕುಸಿಯುತ್ತಿರುವಾಗ ಅದೇ ಆಟ್ರಸ್ ಕುಳಿತು ಅದರ ಪುಸ್ತಕವನ್ನು ತಿದ್ದಿ ತಿದ್ದಿ ಬರೆದು ಕುಸಿತವನ್ನು ತಡೆಯುತ್ತಿರುತ್ತಾನೆ. ಪುಸ್ತಕ ಬರಿಯ ಬಾಗಿಲಾದರೆ, ಬಾಗಿಲನ್ನು ರಿಪೇರಿ ಮಾಡಿ ಮನೆಯ ಗೋಡೆಯನ್ನು ನಿಲ್ಲಿಸಲು ಸಾಧ್ಯವೆ? ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ಎಲ್ಲರನ್ನೂ ಒಪ್ಪಿಸಿದ ಸಮಾಧಾನವಂತೂ ನಮಗೆ ದೊರೆಯಲಿಲ್ಲ. ನಾವು ವಾದದಲ್ಲಿ ಮಗನ ಕಡೆ. ಆದರೆ ಸಾಕ್ಷ್ಯ ತಂದೆಯ ಕಡೆಗೂ ಸ್ವಲ್ಪ ಇದೆಯೆಂದು ಹೇಳಲೇಬೇಕು.

ಇವು ರಚಿಸಿದವರು ತಿಳಿದೇ ಬಿಟ್ಟ ತೆರವುಗಳಾಗಿರಬಹುದು. ಉತ್ತರ ಕೈಗೆ ಸಿಕ್ಕಿಯೂ ದಾರಿ ಸಿಕ್ಕದ ವಿಚಿತ್ರವೊಂದಿದೆ. ಅದು 2012ರ 'ಫೆಜ್' ಎಂಬ ಆಟದ್ದು. ಕೆನಡಾದ ಮಾಂಟ್ರಿಯಲ್ಲಿನ ಪಾಲಿಟ್ರಾನ್ ಸಂಸ್ಥೆ ಅದನ್ನು ರಚಿಸಿತು. ಉದ್ದಗಲ ಮಾತ್ರವುಳ್ಳ ಚಪ್ಪಟೆ ಲೋಕದ ಗೋಮೆಜ್ ಎಂಬ ಪ್ರಾಣಿಗೆ ಒಂದು ಕೆಂಪು ಟೋಪಿ ದೊರೆತು, ಲೋಕಕ್ಕೆ ಆಳವೂ ಉಂಟೆಂದು ಕಾಣತೊಡಗುವುದು ಅದರ ಕಥೆ. ಗೋಡೆಗಳ ಮೇಲೆ ತಿಳಿಯದ ಲಿಪಿ. ಅದನ್ನು ಒಡೆಯುವ ಕೀಲಿ ಒಂದು ಕೋಣೆಯಲ್ಲಿದೆ. ಅಲ್ಲಿ ನರಿಯೊಂದು ಸೋಮಾರಿ ನಾಯಿಯನ್ನು ಹಾರುತ್ತದೆ. ಇಂಗ್ಲಿಷ್ ಟೈಪಿಂಗ್ ಕಲಿತವರಿಗೆ ಎಲ್ಲ ಅಕ್ಷರಗಳೂ ಬರುವ ಆ ವಾಕ್ಯ ಗೊತ್ತೇ ಇದೆ. ಚಿತ್ರವನ್ನು ನೋಡಿ ವಾಕ್ಯವನ್ನು ಗುರುತಿಸಿದರೆ ಅಕ್ಷರಗಳೆಲ್ಲ ತೆರೆದುಕೊಳ್ಳುತ್ತವೆ.

ಅದರ ಕಟ್ಟಕಡೆಯ ಗುಟ್ಟುಗಳಲ್ಲಿ ಒಂದು ಕಪ್ಪು ಕಲ್ಲುಕಂಬ. ಅದರ ಮುಂದೆ ನಿಂತು ಗುಂಡಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಅದು ತೆರೆದು, ಮೂರು ಕೆಂಪು ಹೃದಯದ ತುಂಡುಗಳಲ್ಲಿ ಒಂದನ್ನು ಕೊಡುತ್ತದೆ. ಆ ಕ್ರಮಕ್ಕೆ ಸೂಚನೆ ಎಲ್ಲಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಆಟಗಾರರು ಕಲೆತು, ಒತ್ತಬಹುದಾದ ಕ್ರಮಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಒಂದೊಂದಾಗಿ ಒತ್ತಿ ನೋಡಿದರು. ಕಂಬ ತೆರೆಯಿತು! ಉತ್ತರ ಬಂತು, ಆ ಉತ್ತರ ಏಕೆ ಸರಿ ಎಂಬುದು ಬರಲಿಲ್ಲ. ಆಟ ಬಿಡುಗಡೆಯಾದ ದಿನಾಂಕಕ್ಕೂ ಅದಕ್ಕೂ ಸಂಬಂಧ ಕಟ್ಟಿದವರುಂಟು. ಅದು ಊಹೆಯಾಗಿಯೇ ಉಳಿಯಿತು. ಎರಡನೆಯ ಭಾಗ ಬರುತ್ತದೆಂದು 2013ರಲ್ಲಿ ಸಾರಿ, ಅದೇ ವರ್ಷ ಕೈಬಿಟ್ಟರು.

ಇದನ್ನು ಕೇಳಿದ ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ ರೇಖಾಗಣಿತದ ಒಂದು ಪ್ರಶ್ನೆಗೆ ಹೆಜ್ಜೆಗಳಿಲ್ಲದೆ ಉತ್ತರವನ್ನು ಮಾತ್ರ ಬರೆದಿದ್ದನು. ಉತ್ತರ ಸರಿಯಾಗಿತ್ತು. ಕರೆದು ಕೇಳಿದಾಗ ಕಪ್ಪು ಹಲಗೆಯ ಮುಂದೆ ಸುಮ್ಮನೆ ನಿಂತಿದ್ದು, "ಹೊಳೆಯಿತು ಸಾರ್" ಎಂದನು. ನಾವು ನಕಲೆಂದು ತೀರ್ಮಾನಿಸಿ ಸೊನ್ನೆ ಕೊಟ್ಟೆವು. ಯಾರದನ್ನು ನೋಡಿ ಬರೆದನೆಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಆ ತರಗತಿಯಲ್ಲಿ ಆ ಲೆಕ್ಕವನ್ನು ಸರಿಯಾಗಿ ಮಾಡಿದವರು ಬೇರೆ ಯಾರೂ ಇರಲಿಲ್ಲವೆಂಬುದು ಈಗ ನೆನಪಾಗುತ್ತದೆ. ಹುಡುಗನ ಹೆಸರು ನೆನಪಿದೆ, ಕುಳಿತಿದ್ದ ಬೆಂಚೂ ನೆನಪಿದೆ. ಲೆಕ್ಕವನ್ನು ಮಾತ್ರ ಎಷ್ಟು ಯೋಚಿಸಿದರೂ ಮರಳಿ ಬರೆಯಲಾಗಲಿಲ್ಲ.