ಬೆಲ್ಲದ ಬಣ್ಣ ನೋಡುವ ಮುನ್ನ

ಮಂಡ್ಯ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಅಬ್ಬಾ ದಿನಸಿ ಅಂಗಡಿ ನಡೆಸುತ್ತಾರೆ. ಕಾಲೇಜು ಬಿಟ್ಟ ಮೇಲೆ ಸಂಜೆ ಹೊತ್ತು ನಾನೂ ಅಲ್ಲಿ ಕೂರುತ್ತೇನೆ. ಅಂಗಡಿಯಲ್ಲಿ ಎರಡು ಬಗೆಯ ಬೆಲ್ಲವಿರುತ್ತದೆ. ಒಂದು ಹೊಳೆಯುವ ಹಳದಿ, ಇನ್ನೊಂದು ಕಂದು. ಬಂದವರಲ್ಲಿ ಹೆಚ್ಚಿನವರು ಹಳದಿಯನ್ನೇ ಕೇಳುತ್ತಾರೆ. ಕಂದು ಬೆಲ್ಲ ತೋರಿಸಿದರೆ "ಇದೇನಪ್ಪಾ, ಹಳೇದಾ?" ಎನ್ನುತ್ತಾರೆ. ಕಳೆದ ಯುಗಾದಿಗೆ ಹಳದಿ ಬೆಲ್ಲ ಎರಡೇ ದಿನದಲ್ಲಿ ಖಾಲಿಯಾಯಿತು. ಕಂದು ಬೆಲ್ಲ ಹಾಗೇ ಉಳಿದು, ಮಳೆಗಾಲಕ್ಕೆ ಮುಂಚೆ ನಷ್ಟಕ್ಕೆ ಮಾರಬೇಕಾಯಿತು. "ಇನ್ನು ಮೇಲೆ ಇದನ್ನು ತರೋದೇ ಬೇಡ" ಎಂದು ಅಬ್ಬಾ ಹೇಳಿಬಿಟ್ಟರು. ಇವೆರಡಕ್ಕೂ ನಿಜವಾಗಿ ಏನು ವ್ಯತ್ಯಾಸ ಎಂದು ತಿಳಿಯಲು, ಒಂದು ಭಾನುವಾರ ನಾನು ಕಂದು ಬೆಲ್ಲ ಬರುವ ಆಲೆಮನೆಗೆ ಹೋದೆ.

ಆಲೆಮನೆಯ ಕೆಲಸ ಗಾಣದಿಂದ ಶುರುವಾಗುತ್ತದೆ. ಕಬ್ಬು ಕಡಿದ ಮೇಲೆ ಬಹಳ ಹೊತ್ತು ಬಿಡುವಂತಿಲ್ಲ. ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ ಎಂದು ನಾವು ರಸಾಯನಶಾಸ್ತ್ರದಲ್ಲಿ ಓದಿದ್ದೇವಲ್ಲ, ಕಡಿದಿಟ್ಟ ಕಬ್ಬಿನೊಳಗೆ ನಡೆಯುವುದು ಅದೇ. ಹಾಗಾದರೆ ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ, ತೇವ ಎಳೆದುಕೊಂಡು ಅಂಟಂಟಾಗುತ್ತದೆ. ಆದ್ದರಿಂದ ಒಂದು ದಿನಕ್ಕೆ ಅರೆಯಲು ಆಗುವಷ್ಟು ಕಬ್ಬನ್ನು ಮಾತ್ರ ಅಲ್ಲಿ ಕಡಿಸುತ್ತಾರೆ.

ಹಿಂಡಿದ ಕಬ್ಬಿನ ಹಾಲನ್ನು ಸೋಸಿ ದೊಡ್ಡ ಕೊಪ್ಪರಿಗೆಗೆ ಹಾಕುತ್ತಾರೆ. ಒಲೆಗೆ ಸೌದೆ ಕೊಳ್ಳುವುದಿಲ್ಲ. ಹಿಂಡಿ ಉಳಿದ ಸಿಪ್ಪೆಯನ್ನೇ ಒಣಗಿಸಿ ಉರಿಸುತ್ತಾರೆ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯವಾಗಿರುತ್ತದೆ. ಆಮ್ಲ ಮತ್ತು ಬಿಸಿ ಸೇರಿದರೆ ಸುಕ್ರೋಸ್ ಇನ್ನೂ ಬೇಗ ಒಡೆಯುತ್ತದೆ. ಅದಕ್ಕೇ ಅಳತೆಯಾಗಿ ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆಯನ್ನೂ ಸೇರಿಸುತ್ತಾರೆ. ಹಾಲಿನಲ್ಲಿರುವ ಕಶ್ಮಲಗಳು ಆ ಲೋಳೆಗೆ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತವೆ. ಇಬ್ಬರು ನಿಂತು ಜಾಲರಿಯಿಂದ ಅದನ್ನು ತೆಗೆಯುತ್ತಲೇ ಇರಬೇಕು. ಅವಸರ ಮಾಡಿದರೆ ಕೊಳೆ ಪಾಕದಲ್ಲೇ ಉಳಿಯುತ್ತದೆ.

ಎರಡು ಮೂರು ಗಂಟೆ ಕುದಿದ ಮೇಲೆ ಪಾಕ ದಪ್ಪವಾಗುತ್ತದೆ. ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಹದ ಬರುತ್ತದೆ ಎಂದು ನಾನು ಓದಿಕೊಂಡು ಹೋಗಿದ್ದೆ. ಆದರೆ ಅಲ್ಲಿ ಥರ್ಮಾಮೀಟರ್ ಇರಲಿಲ್ಲ. ಆಲೆಮನೆಯ ಗೌಡರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಕಟ್ಟಿ ನೋಡಿ, "ಇಳಿಸ್ರೋ" ಎಂದರು. ಒಂದು ನಿಮಿಷ ತಡವಾದರೂ ತಳ ಹಿಡಿಯುತ್ತದಂತೆ. ತಪ್ಪಾದರೆ ಹಾಳಾಗುವುದು ಆ ಒಂದು ಕೊಪ್ಪರಿಗೆ ಮಾತ್ರ. ಯಾವ ಕೊಪ್ಪರಿಗೆ, ಯಾರು ಉರಿ ಹಾಕಿದ್ದರು ಎಂಬುದೂ ಎಲ್ಲರಿಗೂ ಗೊತ್ತಿರುತ್ತದೆ. ನೂರು ಕೆ.ಜಿ. ಕಬ್ಬಿಗೆ ಸಿಗುವುದು ಸುಮಾರು 10 ಕೆ.ಜಿ. ಬೆಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಅಚ್ಚಿಗೆ ಸುರಿದ ಬೆಲ್ಲ ಕಂದಾಗಿಯೇ ಇತ್ತು. ಹಾಗಾದರೆ ಹಳದಿ ಎಲ್ಲಿಂದ ಬರುತ್ತದೆ? ಕೆಲವು ತಳಿಯ ಕಬ್ಬಿನಿಂದ, ಕೆಲವು ಮಣ್ಣಿನಿಂದ ತಾನಾಗಿಯೇ ತಿಳಿ ಬಣ್ಣದ ಬೆಲ್ಲ ಬರುವುದುಂಟು. ಆದರೆ ಮಿರಮಿರ ಹೊಳೆಯುವ ಹಳದಿಗೆ ಹೆಚ್ಚಾಗಿ ಕಾರಣ 'ಹೈಡ್ರೋಸ್', ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಪ್ರಬಲ ಅಪಕರ್ಷಣಕಾರಿ. ಬಣ್ಣದ ವಸ್ತುಗಳನ್ನು ಅಪಕರ್ಷಿಸಿ ತಿಳಿಯಾಗಿಸುತ್ತದೆ. ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲೂ ಅದನ್ನೇ ಬಳಸುತ್ತಾರೆ. ಬೆಲ್ಲದಲ್ಲಿ ಅದರಿಂದ ಗಂಧಕದ ಡೈಆಕ್ಸೈಡ್ ಉಳಿಯಬಹುದು. ಅದು ಕೆಲವು ಅಸ್ತಮಾ ರೋಗಿಗಳಿಗೆ ತೊಂದರೆ ಕೊಡುತ್ತದೆ. ಅದಕ್ಕೇ ಆಹಾರ ಕಾನೂನಿನಲ್ಲಿ ಇದಕ್ಕೆ ಮಿತಿ ಇಟ್ಟಿದ್ದಾರೆ. ಇಷ್ಟಾಗಿಯೂ ಆ ಹಳದಿ ಕೊನೆತನಕ ಉಳಿಯುವುದಿಲ್ಲ. ದಿನ ಕಳೆದಂತೆ ಗಾಳಿ ತಾಗಿ ಬೆಲ್ಲ ಮತ್ತೆ ಕಪ್ಪಾಗುತ್ತದೆ.

"ನೀವು ಹೈಡ್ರೋಸ್ ಹಾಕೋದೇ ಇಲ್ವಾ ಗೌಡ್ರೇ?" ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ. "ಹಾಕ್ತೀವಿ ಕಣಪ್ಪಾ. ಮಂಡಿಗೆ ಹೋಗೋ ಬೆಲ್ಲಕ್ಕೆ ಹಾಕ್ತೀವಿ. ಕಂದು ಬೆಲ್ಲ ತಗೊಂಡೋದ್ರೆ ರೇಟೇ ಸಿಗಾಕಿಲ್ಲ. ನಿಮ್ಮಪ್ಪ ಕೇಳ್ತಾರೆ ಅಂತ ಒಂದೆರಡು ಕೊಪ್ಪರಿಗೆ ಹಿಂಗೇ ಇಳಿಸ್ತೀವಿ. ಅವ್ರೂ ಬೇಡ ಅಂದ್ರೆ ಅದೂ ನಿಂತೋಯ್ತದೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕೈಯಿಂದ, ನಿಧಾನವಾಗಿ, ಸಣ್ಣ ಪ್ರಮಾಣದಲ್ಲಿ ಮಾಡಿದ್ದೆಲ್ಲ ತಾನಾಗಿಯೇ ಶುದ್ಧ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಅದೇ ಒಲೆ, ಅದೇ ಕೊಪ್ಪರಿಗೆಯಲ್ಲಿ ಎರಡೂ ಬೆಲ್ಲ ತಯಾರಾಗುತ್ತವೆ. ಸಣ್ಣ ಆಲೆಮನೆಯ ನಿಜವಾದ ಬೆಲೆ ಬೇರೆ ಇದೆ. ಅಲ್ಲಿಗೆ ಯಾರು ಬೇಕಾದರೂ ಹೋಗಿ ನೋಡಬಹುದು, ಕೇಳಬಹುದು, ಉತ್ತರವೂ ಸಿಗುತ್ತದೆ. ಆದರೆ ಕೇಳುವವರೇ ಇಲ್ಲದಿದ್ದರೆ ಆ ಗುಣದಿಂದ ಏನು ಪ್ರಯೋಜನ? ಹೈಡ್ರೋಸ್ ಹಾಕುವ ಕೈ ಆಲೆಮನೆಯದು, ಹಾಕಿಸುವ ಕಣ್ಣು ನಮ್ಮದು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರವಾದಿಯವರ (ಸ) ಕಾಲದ ಒಂದು ಪ್ರಸಂಗವನ್ನು ನೆನಪಿಸಿಕೊಂಡರು. ಸಂತೆಯಲ್ಲಿ ಒಬ್ಬ ವ್ಯಾಪಾರಿಯ ಧಾನ್ಯದ ರಾಶಿಯೊಳಗೆ ಅವರು ಕೈ ಹಾಕಿದಾಗ ಒಳಗೆ ಒದ್ದೆ ಇತ್ತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ಅವರು ತಿಳಿಹೇಳಿದರು. "ನಾವೂ ಮೇಲೆ ಇಡೋಣ" ಎಂದರು ಅಬ್ಬಾ.

ಈಗ ನಮ್ಮ ಅಂಗಡಿಯಲ್ಲಿ ಎರಡೂ ಬೆಲ್ಲ ಪಕ್ಕಪಕ್ಕದಲ್ಲಿವೆ. ಎದುರಿಗೆ ನಾನು ಬರೆದ ರಟ್ಟಿನ ಬೋರ್ಡು ಇದೆ. ಯಾವ ಆಲೆಮನೆ, ಯಾವ ದಿನ ಇಳಿಸಿದ್ದು, ಏನೇನು ಹಾಕಿದ್ದು ಎಂದು ಅದರಲ್ಲಿದೆ. ಹಳದಿ ಬೆಲ್ಲದ ಕೆಳಗೆ 'ಹೈಡ್ರೋಸ್ ಹಾಕಿದೆ' ಎಂದೂ ಬರೆದಿದ್ದೇವೆ. ಮೊದಲ ವಾರ ಕಂದು ಬೆಲ್ಲ ಹೋದದ್ದು 3 ಕೆ.ಜಿ. ಮಾತ್ರ. ಹಳದಿಯೂ ಕಡಿಮೆಯಾಯಿತು. ಕೆಲವರು ಬೋರ್ಡು ಓದಿ ಬೇರೆ ಅಂಗಡಿಗೆ ಹೋದರು. ಆದರೂ ಅಬ್ಬಾ ಬೋರ್ಡು ತೆಗೆಸಿಲ್ಲ. ಮುಂದಿನ ಕೊಪ್ಪರಿಗೆಗೂ ಗೌಡರಿಗೆ ಫೋನ್ ಮಾಡಿ ಹೇಳಿದ್ದಾರೆ.

ಸ್ನೇಹಿತರೇ, ಮುಂದಿನ ಸಲ ಮನೆಗೆ ಬೆಲ್ಲ ತರಲು ಹೋದಾಗ ಬಣ್ಣ ನೋಡುವ ಮುನ್ನ ಮೂರು ಮಾತು ಕೇಳಿ: ಇದು ಎಲ್ಲಿಯದು? ಯಾವಾಗ ಮಾಡಿದ್ದು? ಏನು ಹಾಕಿದ್ದಾರೆ? ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ನಾಲ್ಕು ಜನ ಕೇಳಿದರೆ ಅವರೂ ಆಲೆಮನೆಯವರನ್ನು ಕೇಳುತ್ತಾರೆ.