ರಬ್ಬರ್ ತಂತಿಯ ಪುಟ್ಟ ಬೇಸ್: ಮೊದಲ ವಾರ ಬೇಸರ ಬೇಡ

ಗಿಟಾರ್ ಎಂದೊಡನೆ ಉಕ್ಕಿನ ಅಥವಾ ನೈಲಾನಿನ ತಂತಿ ನಮ್ಮ ನೆನಪಿಗೆ ಬರುತ್ತದೆ. ರಬ್ಬರಿನ ತಂತಿ ಕಟ್ಟಿದ ಗಿಟಾರೂ ಇದೆ ಎಂದರೆ ನಂಬುತ್ತೀರಾ?

ಹಾಡಿಗೆ ತಳಪಾಯ ಕೊಡುವುದು ಬೇಸ್ ಗಿಟಾರಿನ ಮಂದ್ರ ಸ್ವರ. ಸಾಮಾನ್ಯ ಬೇಸ್ ಗಿಟಾರಿನಲ್ಲಿ ತಂತಿಯ ಮಿಡಿಯುವ ಭಾಗ 34 ಅಂಗುಲ ಉದ್ದ. ಪುಟ್ಟ ಕೈಗಳಿಗೆ ಅದು ಎಟುಕುವುದು ಕಷ್ಟ. ಆಲನ್ ಆ್ಯಶ್‌ವರ್ತ್-ಜೋನ್ಸ್ ಮತ್ತು ನೈಜಲ್ ಥಾರ್ನ್‌ಬೋರಿ ಎಂಬ ಇಬ್ಬರು ಕೇವಲ 18 ಅಂಗುಲದ ಬೇಸ್ ಒಂದನ್ನು ರೂಪಿಸಿದರು. ಅಮೆರಿಕದ ಗಿಲ್ಡ್ ಕಂಪನಿ 1986ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಇಬ್ಬರ ಹೆಸರೂ ಸೇರಿ ಅದು ‘ಆ್ಯಶ್‌ಬೋರಿ’ ಆಯಿತು. ಮುಂದೆ ಕಾಲಾ ಕಂಪನಿಯ ‘ಯೂ-ಬೇಸ್’ ಇದೇ ದಾರಿಯಲ್ಲಿ ಬಂತು.

ಇಷ್ಟು ಗಿಡ್ಡ ವಾದ್ಯದಿಂದ ಅಷ್ಟು ತಗ್ಗಿನ ಸ್ವರ ಹೇಗೆ? ಸ್ವರ ತಗ್ಗಬೇಕಾದರೆ ತಂತಿ ಉದ್ದವಾಗಿರಬೇಕು, ಇಲ್ಲವೇ ಭಾರವಾಗಿರಬೇಕು, ಇಲ್ಲವೇ ಸಡಿಲವಾಗಿರಬೇಕು. ಉಕ್ಕಿನ ತಂತಿಯನ್ನು ಅಷ್ಟು ಸಡಿಲಿಸಿದರೆ ಅದು ಪಟಪಟ ಬಡಿಯುತ್ತದೆಯೇ ಹೊರತು ಹಾಡುವುದಿಲ್ಲ. ಸಿಲಿಕೋನ್ ರಬ್ಬರ್ ದಪ್ಪವಾಗಿದ್ದರೂ ಮೆತ್ತಗಿರುತ್ತದೆ. ಆದ್ದರಿಂದ ದೊಡ್ಡ ಬೇಸಿನಂತೆಯೇ ಇ, ಎ, ಡಿ, ಜಿ ಎಂದು ಶ್ರುತಿ ಮಾಡಬಹುದು. ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ರಬ್ಬರಿಗೆ ಅಯಸ್ಕಾಂತದ ಪಿಕಪ್ ಕೆಲಸಕ್ಕೆ ಬಾರದು. ಕುದುರೆಯ ಕೆಳಗಿರುವ ಪೀಜೋ ಪಿಕಪ್ ಕಂಪನವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತದೆ.

ಕಷ್ಟ ಎದುರಾಗುವುದು ಮೊದಲ ವಾರದಲ್ಲಿ. ಬೆಳಿಗ್ಗೆ ಶ್ರುತಿ ಮಾಡಿಟ್ಟ ವಾದ್ಯ ಸಂಜೆಗೆ ಇಳಿದಿರುತ್ತದೆ. ಕೂಡಿಟ್ಟ ಹಣದಿಂದ ಕೊಡಿಸಿದ ತಂದೆತಾಯಿಗೆ ‘ಮೋಸ ಹೋದೆವು’ ಎನಿಸಬಹುದು, ಮಗುವಿಗೆ ‘ನನಗೆ ಬಾರದು’ ಎನಿಸಬಹುದು. ಎರಡೂ ಸರಿಯಲ್ಲ. ಹೊಸ ರಬ್ಬರ್ ಹಿಗ್ಗುತ್ತಲೇ ಇರುತ್ತದೆ, ಹಿಗ್ಗಿ ಮುಗಿಯುವವರೆಗೆ ಸ್ವರ ಇಳಿಯುತ್ತಲೇ ಇರುತ್ತದೆ. ಅದು ವಾದ್ಯದ ದೋಷವಲ್ಲ.

ಹಾಗಾದರೆ ಏನು ಮಾಡಬೇಕು? ತಂತಿಯನ್ನು ಬೆರಳುಗಳಿಂದ ಮೆಲ್ಲಗೆ ಎಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ದಿನಕ್ಕೆ ಕೆಲವು ಬಾರಿ ಹೀಗೆಯೇ ಮಾಡಿ. ಬಿರಡೆಯನ್ನು ಯಾವಾಗಲೂ ಕೆಳಗಿನ ಸ್ವರದಿಂದ ಮೇಲಕ್ಕೆ ಏರಿಸುತ್ತಾ ನಿಲ್ಲಿಸಿ. ಸ್ವರ ಮೇಲೆ ಹೋಗಿದ್ದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ. ನಾಳೆ ಇಳಿಯುತ್ತದೆಂದು ಇಂದೇ ಹೆಚ್ಚು ಬಿಗಿಯಬೇಡಿ.

ನುಡಿಸುವಾಗಲೂ ಮೃದುತ್ವವೇ ಮುಖ್ಯ. ಉಗುರಲ್ಲ, ಬೆರಳಿನ ತುದಿಯ ಮಾಂಸಲ ಭಾಗದಿಂದ ಮೀಟಿ. ಚೂಪಾದ ಉಗುರು, ಉಂಗುರ ರಬ್ಬರನ್ನು ಕತ್ತರಿಸಬಹುದು. ಬೆರಳು ಅಂಟಿದರೆ ಚಿಟಿಕೆ ಟಾಲ್ಕಂ ಪೌಡರ್ ಸಾಕು. ಆ್ಯಶ್‌ಬೋರಿಗೆ ಮೆಟ್ಟಿಲುಗಳಿಲ್ಲ. ದೊಡ್ಡ ಬೇಸಿನಲ್ಲಿ ಮೊದಲ ಅರ್ಧಸ್ವರಕ್ಕೆ ಸುಮಾರು ಎರಡು ಅಂಗುಲ ಜಾಗವಿದ್ದರೆ ಇಲ್ಲಿ ಒಂದೇ ಅಂಗುಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಗೊತ್ತಾಗುತ್ತದೆ. ಕಣ್ಣಿಗಿಂತ ಕಿವಿಯನ್ನೇ ನಂಬಿ ನಿಧಾನವಾಗಿ ಅಭ್ಯಾಸ ಮಾಡಿ.

ಇಷ್ಟಾದ ಮೇಲೆ ಸಿಗುವ ಫಲ ದೊಡ್ಡದು. ಆಳೆತ್ತರದ ಡಬಲ್ ಬೇಸನ್ನು ನೆನಪಿಸುವ ದುಂಡನೆಯ, ಬೆಚ್ಚಗಿನ ನಾದ ಮಡಿಲಲ್ಲೇ ಹುಟ್ಟುತ್ತದೆ. ಮೊದಲ ವಾರ ಮಗುವಿನ ಪಕ್ಕದಲ್ಲಿ ಕುಳಿತು ಬಿರಡೆ ತಿರುಗಿಸಲು ನೆರವಾಗಿ. ತಂತಿ ಹದಕ್ಕೆ ಬರುವಷ್ಟರಲ್ಲಿ ಮಗುವಿನ ಕಿವಿಯೂ ಹದಕ್ಕೆ ಬರುತ್ತಿರುತ್ತದೆ.