ಡಿ3ರಲ್ಲಿ ಠಿಕಾಣಿ ಹೂಡಿದ ಕುದುರೆ

ಚೆಸ್ ಆಡುವಾಗ ನಾವೆಲ್ಲ ಮೊದಲು ನೋಡೋದು ಪಾಯಿಂಟ್ ಲೆಕ್ಕ. ಪಾನ್‌ಗೆ 1, ಕುದುರೆಗೆ 3, ರೂಕ್‌ಗೆ 5, ಕ್ವೀನ್‌ಗೆ 9. ಒಂದು ಪಾನ್ ಜಾಸ್ತಿ ಸಿಕ್ಕರೆ ಅರ್ಧ ಗೆದ್ದ ಹಾಗೆ. ಈ ಲೆಕ್ಕ ಯಾವಾಗ ಕೈಕೊಡುತ್ತೆ ಅಂತ ತಿಳಿಯೋಕೆ 1985ರ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನ 16ನೇ ಗೇಮ್ ನೋಡೋಣ. ಬಿಳಿ ಕಾಯಿ ಚಾಂಪಿಯನ್ ಅನಾಟೊಲಿ ಕಾರ್ಪೋವ್ ಅವರದ್ದು, ಕಪ್ಪು 22 ವರ್ಷದ ಗ್ಯಾರಿ ಕಾಸ್ಪರೋವ್ ಅವರದ್ದು. ಅಲ್ಲಿವರೆಗೆ ಇಬ್ಬರೂ ಸಮ ಸಮ.

ಕಾರ್ಪೋವ್ ಇ4 ಆಡಿದರು, ಕಾಸ್ಪರೋವ್ ಸಿ5. ಇದೇ ಸಿಸಿಲಿಯನ್. ಇ5 ಆಡಿ ಎದುರಾಳಿ ಮಾಡಿದ್ದನ್ನೇ ಮಾಡೋ ಬದಲು, ಪಕ್ಕದಿಂದ ಡಿ4 ಚೌಕದ ಮೇಲೆ ಕಣ್ಣಿಡೋದು ಇದರ ಉದ್ದೇಶ.

8ನೇ ನಡೆಯಲ್ಲಿ ಕಾಸ್ಪರೋವ್ ಡಿ5 ತಳ್ಳಿ ಒಂದು ಪಾನ್ ಬಿಟ್ಟುಕೊಟ್ಟರು. ಬದಲಿಗೆ ಅವರ ಕಾಯಿಗಳಿಗೆ ದಾರಿ ತೆರೆಯಿತು. 16ನೇ ನಡೆಯಲ್ಲಿ ಕಪ್ಪು ಕುದುರೆ ಡಿ3ಗೆ ಬಂದು ಠಿಕಾಣಿ ಹೂಡಿತು. ಎಫ್5ರ ಬಿಷಪ್ ಅದಕ್ಕೆ ಕಾವಲು.

ಅಲ್ಲಿ ಕೂತ ಕುದುರೆ ಸಿ1, ಇ1, ಬಿ2 ಚೌಕಗಳನ್ನು ಕಾಯುತ್ತೆ. ಹಾಗಾಗಿ ಬಿಳಿ ರೂಕ್‌ಗಳು ತೆರೆದ ಸಿ, ಇ ಸಾಲುಗಳಿಗೆ ಬರೋ ಹಾಗಿಲ್ಲ. ಎರಡು ನಡೆ ಆದಮೇಲೆ ಬಿ4ಗೆ ಬಂದ ಕಪ್ಪು ಪಾನ್ ಎ3, ಸಿ3 ಚೌಕಗಳನ್ನೂ ಮುಚ್ಚಿತು. ಬಿ1 ಮತ್ತು ಎ4ರ ಬಿಳಿ ಕುದುರೆಗಳು ಗೂಟಕ್ಕೆ ಕಟ್ಟಿದ ಹಾಗೆ ನಿಂತವು. ಲೆಕ್ಕದಲ್ಲಿ ಅವೆರಡಕ್ಕೆ 6 ಪಾಯಿಂಟ್; ಕೆಲಸ ಮಾತ್ರ ಸೊನ್ನೆ.

34ನೇ ನಡೆಯಲ್ಲಿ ಕಾರ್ಪೋವ್ ಕೊನೆಗೂ ಆ ಕುದುರೆಯನ್ನು ಹೊಡೆದರು, ಆದ್ರೆ ಕ್ವೀನ್ ಕೊಟ್ಟು. ಎರಡು ಕುದುರೆಗೆ ಒಂದು ಕ್ವೀನ್ ಹೋಯಿತು. 40ನೇ ನಡೆಗೆ ಸೋಲೊಪ್ಪಿಕೊಂಡರು. ಕಾಸ್ಪರೋವ್ 13–11ರಿಂದ ಚಾಂಪಿಯನ್ ಆದರು.

ಹಾಗಾದ್ರೆ ಪಾನ್ ಬಿಟ್ಟುಕೊಟ್ಟಿದ್ದು ಸರಿಯಾ? ಇಲ್ಲೇ ಇರೋದು ಮಜಾ. 1986ರಲ್ಲಿ ಬ್ರಸೆಲ್ಸ್‌ನಲ್ಲಿ ವ್ಯಾನ್ ಡರ್ ವೀಲ್ ಇದೇ ಡಿ5 ಆಡಿದಾಗ, ಕಾರ್ಪೋವ್ 12ನೇ ನಡೆಯಲ್ಲಿ ಕ್ಯಾಸಲಿಂಗ್ ಮಾಡದೆ ಬಿಷಪ್ಪನ್ನು ಇ3ಗೆ ತಂದು, ಸಿ5ರ ಕಪ್ಪು ಬಿಷಪ್‌ಗೆ ಎದುರು ನಿಲ್ಲಿಸಿದರು. ಆ ಗೇಮ್ ಅವರೇ ಗೆದ್ದರು. ಅಂದ್ರೆ ಪಾನ್ ಬಿಟ್ಟಿದ್ದಕ್ಕೆ ಉತ್ತರ ಇತ್ತು. ಮಾಸ್ಕೋದಲ್ಲಿ ಅದು ಬೋರ್ಡ್ ಮೇಲೆ ಬರಲಿಲ್ಲ, ಅಷ್ಟರಲ್ಲಿ ಕುದುರೆ ಒಳಗೆ ಬಂದಿತ್ತು.

ಬಿಡುವಿದ್ದಾಗ 19ನೇ ನಡೆವರೆಗೆ ಬೋರ್ಡ್ ಜೋಡಿಸಿ, ಎಂಜಿನ್ ಆಫ್ ಮಾಡಿ, ಬಿಳಿ ಕಡೆ ಕೂತು ನೋಡಿ. ಎ4ರ ಕುದುರೆಯನ್ನು ಹೇಗೆ ಬಿಡಿಸ್ತೀರಿ?